ಕದ್ದ ಕಾರ್ಡಿನಲ್ಲಿ ಆನ್‌ಲೈನ್ ಖರೀದಿ: ನಷ್ಟ ಹೊರುವವರು ಯಾರು?

"ಆನ್‌ಲೈನ್‌ನಲ್ಲಿ ಕ್ರೆಡಿಟ್ ಕಾರ್ಡ್ ಮೋಸ ಆದರೆ ಚಿಂತೆ ಇಲ್ಲ, ಬ್ಯಾಂಕಿನವರು ತುಂಬಿಕೊಡುತ್ತಾರೆ" ಎಂಬ ಮಾತನ್ನು ನೀವು ಕೇಳಿರಬಹುದು. ಇದಕ್ಕೆ ಪೂರ್ತಿ ವಿರುದ್ಧವಾದ ಭಯವೂ ಅಷ್ಟೇ ಸಾಮಾನ್ಯ: ಕಾರ್ಡ್ ನಂಬರ್ ಒಮ್ಮೆ ಹೊರಗೆ ಹೋಯಿತೆಂದರೆ ಎಲ್ಲ ಮುಗಿದಂತೆ. ಎರಡೂ ಅರ್ಧ ಸತ್ಯ. ಕದ್ದ ಕಾರ್ಡಿನ ನಷ್ಟ ಬಹಳಷ್ಟು ಸಲ ಹೋಗಿ ಬೀಳುವುದು ವಸ್ತು ಮಾರಿದವರ ತಲೆಯ ಮೇಲೆ. ಕೆಲವು ಸಲ ಬ್ಯಾಂಕಿನ ಮೇಲೆ, ಇನ್ನು ಕೆಲವು ಸಲ ಕಾರ್ಡಿನ ಮಾಲೀಕರ ಮೇಲೆ. ಯಾವಾಗ ಯಾರ ಮೇಲೆ ಎನ್ನುವುದನ್ನು ತೀರ್ಮಾನಿಸುವುದರಲ್ಲಿ ನಮ್ಮ ಮೊಬೈಲಿಗೆ ಬರುವ ಆರಂಕಿಯ ಓಟಿಪಿಗೆ ದೊಡ್ಡ ಪಾತ್ರವಿದೆ. ಅದನ್ನು ನಾವು ಬೀಗ ಎಂದುಕೊಂಡಿದ್ದೇವೆ. ಅದು ಬೀಗ ಹೌದು, ಆದರೆ ಅದಕ್ಕಿಂತ ಹೆಚ್ಚಾಗಿ ಅದು ಸಹಿ.

ಮೊದಲು ಮಾರುವವರ ಕಡೆಯಿಂದ ನೋಡೋಣ. ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಸೊರಬ ತಾಲ್ಲೂಕಿನ ಕುಬಟೂರಿನ ಒಬ್ಬ ಯುವಕ ಸಾಗರ-ಸೊರಬದ ಗುಡಿಗಾರರ ಕೆತ್ತನೆಗಳನ್ನು ತನ್ನದೇ ಒಂದು ಸಣ್ಣ ಜಾಲತಾಣದಲ್ಲಿ ಮಾರುತ್ತಾನೆ. ಗಂಧದ್ದಲ್ಲ (ಗಂಧಕ್ಕೆ ಬೇರೆಯೇ ಕಾನೂನು, ಬೇರೆಯೇ ತಲೆನೋವು), ಶಿವನೆ ಮರದ್ದು. ಅಮೆರಿಕದಿಂದ ಒಂದು ಆರ್ಡರ್ ಬರುತ್ತದೆ: ಗಣಪತಿ ವಿಗ್ರಹ, ಬೆಲೆ 12,000 ರೂಪಾಯಿ, ಹಣ ಪಾವತಿಯಾಗಿದೆ. ಕೆತ್ತಿದವರಿಗೆ 8,000, ಕೊರಿಯರ್‌ಗೆ 2,500 ಕೊಟ್ಟು, ಆನವಟ್ಟಿಗೆ ಹೋಗಿ ಪಾರ್ಸೆಲ್ ಕಳಿಸುತ್ತಾನೆ. ಉಳಿದ ಲಾಭ 1,500. ಎರಡು ತಿಂಗಳಾದ ಮೇಲೆ ಪೇಮೆಂಟ್ ಗೇಟ್‌ವೇಯಿಂದ ಒಂದು ಮೇಲ್: ಆ ಕಾರ್ಡ್ ಕದ್ದದ್ದು, ನಿಜವಾದ ಮಾಲೀಕರು ದೂರು ಕೊಟ್ಟಿದ್ದಾರೆ, 12,000 ರೂಪಾಯಿಯನ್ನು ವಾಪಸ್ ತೆಗೆದುಕೊಳ್ಳಲಾಗಿದೆ. ವಿಗ್ರಹ ಹೋಯಿತು, ಹಣವೂ ಹೋಯಿತು. ಕೈಯಿಂದ ಕಳೆದುಕೊಂಡದ್ದು 10,500. ಅದನ್ನು ತುಂಬಿಕೊಳ್ಳಲು ಅಂಥದೇ ಇನ್ನೂ ಏಳು ವಿಗ್ರಹ ಮಾರಬೇಕು. ಗೇಟ್‌ವೇ ಹಾಕುವ ದಂಡ ಬೇರೆ.

ಈ ಹಣ ವಾಪಸಾಗುವ ವಿಧಾನಕ್ಕೆ ಚಾರ್ಜ್‌ಬ್ಯಾಕ್ ಎಂದು ಹೆಸರು. ಕಾರ್ಡಿನ ಮಾಲೀಕರು ತಮ್ಮ ಬ್ಯಾಂಕಿಗೆ ದೂರು ಕೊಡುತ್ತಾರೆ. ಬ್ಯಾಂಕು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲದ ಮೂಲಕ ಅಂಗಡಿಯವರ ಬ್ಯಾಂಕಿನಿಂದ ಹಣ ಹಿಂದಕ್ಕೆ ಎಳೆಯುತ್ತದೆ. ಆ ಬ್ಯಾಂಕು ಅಂಗಡಿಯವರ ಖಾತೆಯಿಂದ ಕಳೆಯುತ್ತದೆ. ಮೋಸದ ದೂರು ಕೊಡಲು ಸಾಮಾನ್ಯವಾಗಿ 120 ದಿನಗಳ ಅವಕಾಶವಿದೆ. ಅಂದರೆ ಮಾರಿದ ಹಣ ಖಾತೆಗೆ ಬಂದ ಮೇಲೂ ನಾಲ್ಕು ತಿಂಗಳ ಕಾಲ ಅದು ಪೂರ್ತಿಯಾಗಿ ಅಂಗಡಿಯವರದಲ್ಲ. ಅಂಗಡಿಯವರು ದಾಖಲೆ ಸಮೇತ ವಾದಿಸಬಹುದು. ಆದರೆ "ಪಾರ್ಸೆಲ್ ತಲುಪಿಸಿದ್ದೇನೆ" ಎಂಬ ರಸೀದಿ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಪಾರ್ಸೆಲ್ ತಲುಪಿದೆ, ನಿಜ. ತಲುಪಿದ್ದು ಕಳ್ಳನಿಗೆ. ಚಾರ್ಜ್‌ಬ್ಯಾಕ್‌ಗಳು ಒಂದು ಮಿತಿ ಮೀರಿದರೆ ಕಾರ್ಡ್ ಜಾಲಗಳು ಆ ಅಂಗಡಿಯ ಮೇಲೆ ನಿಗಾ ಇಡುತ್ತವೆ, ದಂಡ ಹಾಕುತ್ತವೆ, ಕೊನೆಗೆ ಕಾರ್ಡ್ ಪಾವತಿಯ ಸೌಲಭ್ಯವೇ ಹೋಗಬಹುದು.

ಎದುರಿಗೆ ನಿಂತು ಕಾರ್ಡ್ ಉಜ್ಜಿದ ಗಿರಾಕಿಯ ವಿಷಯ ಹಾಗಲ್ಲ. ಅಲ್ಲಿ ಕಾರ್ಡಿನ ಚಿಪ್ ಇದೆ, ಪಿನ್ ಇದೆ. ಆನ್‌ಲೈನ್‌ನಲ್ಲಿ ಅಂಗಡಿಯವರು ನೋಡುವುದು ಕೆಲವು ಅಂಕಿಗಳನ್ನು ಮಾತ್ರ. ಅದಕ್ಕೇ ಜಾಲಗಳ ನಿಯಮ ಹೀಗಿದೆ: ಗಿರಾಕಿ ಯಾರು ಎಂದು ಖಾತ್ರಿ ಮಾಡಿಕೊಳ್ಳದೆ ಮಾರಿದರೆ ಅಪಾಯ ನಿನ್ನದೇ.

ಆ ಅಂಕಿಗಳು ಏನನ್ನು ಹೇಳುತ್ತವೆ?

ಕಾರ್ಡ್ ನಂಬರ್ ತಪ್ಪಾಗಿ ಟೈಪ್ ಮಾಡಿದರೆ ಜಾಲತಾಣ ತಕ್ಷಣ "ಸರಿಯಿಲ್ಲ" ಎನ್ನುವುದನ್ನು ನೋಡಿರುತ್ತೀರಿ. ಬ್ಯಾಂಕನ್ನು ಕೇಳುವ ಮೊದಲೇ ಅದಕ್ಕೆ ಹೇಗೆ ಗೊತ್ತಾಯಿತು? ಅದೊಂದು ಸಣ್ಣ ಗಣಿತ. ಐಬಿಎಂನಲ್ಲಿದ್ದ ಹ್ಯಾನ್ಸ್ ಪೀಟರ್ ಲೂನ್ ಎಂಬ ಎಂಜಿನಿಯರ್ 1950ರ ದಶಕದಲ್ಲಿ ರೂಪಿಸಿದ ವಿಧಾನ ಇದು. ಹದಿನಾರು ಅಂಕಿಯ ನಂಬರಿನಲ್ಲಿ ಎಡದಿಂದ ಒಂದು ಬಿಟ್ಟು ಒಂದು ಅಂಕಿಯನ್ನು, ಅಂದರೆ 1, 3, 5ನೇ ಸ್ಥಾನದವನ್ನು, ಎರಡರಿಂದ ಗುಣಿಸಿ. ಬಂದದ್ದು 9ಕ್ಕಿಂತ ಹೆಚ್ಚಾದರೆ ಅದರಿಂದ 9 ಕಳೆಯಿರಿ. ಎಲ್ಲವನ್ನೂ ಕೂಡಿ. ಮೊತ್ತ 10ರಿಂದ ಭಾಗವಾಗಬೇಕು. ತಂತ್ರಾಂಶ ಬರೆಯುವವರು ಪರೀಕ್ಷೆಗೆ ಬಳಸುವ 4111 1111 1111 1111 ಎಂಬ ನಂಬರನ್ನೇ ತೆಗೆದುಕೊಳ್ಳಿ. ಮೊದಲ 4 ಎಂಟಾಗುತ್ತದೆ, ಗುಣಿಸಬೇಕಾದ ಉಳಿದ ಏಳು ಒಂದುಗಳು ಸೇರಿ 14, ಗುಣಿಸದೆ ಬಿಟ್ಟ ಎಂಟು ಒಂದುಗಳು 8. ಒಟ್ಟು 30. ನಂಬರ್ ಪಾಸ್! ನಿಮ್ಮ ಕಾರ್ಡಿನ ನಂಬರನ್ನೂ ಹೀಗೆ ಕೂಡಿ ನೋಡಬಹುದು, ಕಾಗದದ ಮೇಲೆ.

ಆದರೆ ಈ ಲೆಕ್ಕ ಹಿಡಿಯುವುದು ಕೈತಪ್ಪನ್ನು, ಕಳ್ಳನನ್ನಲ್ಲ. ಲೆಕ್ಕಕ್ಕೆ ಹೊಂದುವ ನಂಬರನ್ನು ಯಾರು ಬೇಕಾದರೂ ಹೊಸೆಯಬಹುದು. "ನಂಬರ್ ಸರಿ ಎಂದು ತೋರಿಸಿತು, ಹಾಗಾಗಿ ಕಾರ್ಡ್ ಅಸಲಿ" ಎಂದು ನಂಬುವ ಹೊಸ ವ್ಯಾಪಾರಿಗಳು ಇರುವುದರಿಂದ ಇದನ್ನು ಹೇಳಬೇಕಾಯಿತು.

ಕಾರ್ಡಿನ ಹಿಂಭಾಗದ ಮೂರಂಕಿಯ ಸಿವಿವಿ ಇನ್ನೊಂದು ಮೆಟ್ಟಿಲು. ಕಾರ್ಡ್ ಉದ್ಯಮದ ಸುರಕ್ಷತಾ ನಿಯಮಾವಳಿ (ಪಿಸಿಐ ಡಿಎಸ್ಎಸ್, ಮೊದಲ ಆವೃತ್ತಿ 2004) ಪ್ರಕಾರ ಪಾವತಿ ಮುಗಿದ ಮೇಲೆ ಅಂಗಡಿಯವರು ಸಿವಿವಿಯನ್ನು ಎಲ್ಲಿಯೂ ಬರೆದಿಟ್ಟುಕೊಳ್ಳುವಂತಿಲ್ಲ. ಹಾಗಾಗಿ ಅಂಗಡಿಯ ಕಂಪ್ಯೂಟರಿನಿಂದ ನಂಬರುಗಳನ್ನು ಕದ್ದವನ ಹತ್ತಿರ ಸಿವಿವಿ ಇರಬಾರದು ಎನ್ನುವುದು ಲೆಕ್ಕಾಚಾರ. ಆದರೆ ನಕಲಿ ಜಾಲತಾಣದಲ್ಲಿ ನಾವೇ ಟೈಪ್ ಮಾಡಿಕೊಟ್ಟರೆ ಅದೂ ಹೋಗುತ್ತದೆ.

ವಿಳಾಸ ಹೊಂದಿಸಿ ನೋಡುವುದು ಮೂರನೆಯ ಉಪಾಯ. ಅಮೆರಿಕ, ಕೆನಡಾ, ಬ್ರಿಟನ್‌ಗಳಲ್ಲಿ ಗಿರಾಕಿ ಕೊಟ್ಟ ಮನೆ ನಂಬರ್ ಮತ್ತು ಪಿನ್‌ಕೋಡನ್ನು ಬ್ಯಾಂಕಿನಲ್ಲಿರುವ ವಿಳಾಸದ ಜೊತೆ ಯಂತ್ರವೇ ತಾಳೆ ನೋಡುತ್ತದೆ. ಇದು ನಮ್ಮಲ್ಲಿ ನಡೆಯುವುದು ಕಷ್ಟ. "ಕೈಟಭೇಶ್ವರ ದೇವಸ್ಥಾನದ ಹತ್ತಿರ, ಕುಬಟೂರು, ಆನವಟ್ಟಿ ಅಂಚೆ, ಸೊರಬ ತಾಲ್ಲೂಕು" ಎಂಬ ವಿಳಾಸದಲ್ಲಿ ತಾಳೆ ನೋಡಲು ಅಂಕಿ ಎಲ್ಲಿದೆ? ಅದು ವಿಳಾಸಕ್ಕಿಂತ ಹೆಚ್ಚಾಗಿ ದಾರಿ ಹೇಳುವ ಮಾತು. ಪೋಸ್ಟ್‌ಮ್ಯಾನ್‌ಗೆ ಅರ್ಥವಾಗುತ್ತದೆ, ಕಂಪ್ಯೂಟರಿಗೆ ಆಗುವುದಿಲ್ಲ.

ಅನುಮಾನಕ್ಕೂ ಒಂದು ಲೆಕ್ಕ

ದೊಡ್ಡ ಅಂಗಡಿಗಳು ಆದ್ದರಿಂದ ಒಂದೇ ಗುರುತನ್ನು ನೆಚ್ಚಿಕೊಳ್ಳುವುದಿಲ್ಲ. ನೀವು "ಹಣ ಪಾವತಿಸಿ" ಎಂಬ ಗುಂಡಿ ಒತ್ತಿದಾಗ ಅವರ ತಂತ್ರಾಂಶ ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತಾರು ಪ್ರಶ್ನೆ ಕೇಳಿಕೊಳ್ಳುತ್ತದೆ. ಈ ಫೋನಿನಿಂದ ಮೊದಲು ಆರ್ಡರ್ ಬಂದಿದೆಯೇ? ಖಾತೆ ತೆರೆದು ಎಷ್ಟು ದಿನವಾಯಿತು? ಕಾರ್ಡ್ ಕೊಟ್ಟ ಬ್ಯಾಂಕು ಯಾವ ದೇಶದ್ದು, ಇಂಟರ್ನೆಟ್ ಸಂಪರ್ಕ ಯಾವ ದೇಶದಿಂದ? ಒಂದೇ ಫೋನಿನಿಂದ ಹತ್ತು ನಿಮಿಷದಲ್ಲಿ ಎಷ್ಟು ಬೇರೆ ಬೇರೆ ಕಾರ್ಡ್ ಪ್ರಯತ್ನಿಸಲಾಗಿದೆ? ಕೊಳ್ಳುತ್ತಿರುವುದು ಏನು? ಅಕ್ಕಿ-ಬೇಳೆ ಕೊಳ್ಳಲು ಕಾರ್ಡ್ ಕದಿಯುವವರು ಕಡಿಮೆ. ಕಳ್ಳನಿಗೆ ಬೇಕಾದದ್ದು ಬೇಗ ಮಾರಿ ದುಡ್ಡು ಮಾಡಬಹುದಾದ ವಸ್ತು: ಮೊಬೈಲ್, ಚಿನ್ನದ ನಾಣ್ಯ, ಎಲ್ಲಕ್ಕಿಂತ ಮುಖ್ಯವಾಗಿ ಗಿಫ್ಟ್ ಕಾರ್ಡ್. ಗಿಫ್ಟ್ ಕಾರ್ಡಿಗೆ ವಿಳಾಸವೂ ಬೇಡ, ಡೆಲಿವರಿ ಹುಡುಗನೂ ಬೇಡ. ಮೇಲ್‌ನಲ್ಲಿ ಬಂದುಬಿಡುತ್ತದೆ.

ಹತ್ತು-ಇಪ್ಪತ್ತು ರೂಪಾಯಿಯ ಪುಟ್ಟ ಪಾವತಿಗಳು ಸಾಲುಸಾಲಾಗಿ ಬರತೊಡಗಿದರೂ ಅನುಮಾನ ಪಡಬೇಕು. ಕಳ್ಳರು ತಾವು ಕೊಂಡುಕೊಂಡ ನಂಬರುಗಳ ಮೂಟೆಯಲ್ಲಿ ಯಾವುದು ಇನ್ನೂ ಜೀವಂತವಿದೆ ಎಂದು ನೋಡಲು ಹೀಗೆ ಮಾಡುತ್ತಾರೆ. ಸಣ್ಣ ಜಾಲತಾಣಗಳು, ದೇಣಿಗೆ ಸಂಗ್ರಹಿಸುವ ಪುಟಗಳು ಇದಕ್ಕೆ ಹೆಚ್ಚಾಗಿ ಬಲಿ.

ಈ ಎಲ್ಲ ಉತ್ತರಗಳಿಗೂ ಅಂಕ ಹಾಕಿ ಒಂದು ಮೊತ್ತ ತೆಗೆಯುತ್ತಾರೆ. ಅಂಕ ಕಡಿಮೆ ಇದ್ದರೆ ಆರ್ಡರ್ ಮುಂದಕ್ಕೆ ಹೋಗುತ್ತದೆ, ಬಹಳ ಹೆಚ್ಚಿದ್ದರೆ ರದ್ದಾಗುತ್ತದೆ. ನಡುವಿನದನ್ನು ಮನುಷ್ಯರು ನೋಡುತ್ತಾರೆ, ಕೆಲವೊಮ್ಮೆ ಫೋನ್ ಮಾಡುತ್ತಾರೆ, ಅಥವಾ ಪಾರ್ಸೆಲನ್ನು ಒಂದು ದಿನ ತಡೆಹಿಡಿಯುತ್ತಾರೆ. ಕಾರಣ ಹೇಳದೆ ಆರ್ಡರ್ ರದ್ದಾದರೆ ಇದೂ ಒಂದು ಕಾರಣವಿರಬಹುದು. ಯಾವ ಪ್ರಶ್ನೆಗೆ ಎಷ್ಟು ಅಂಕ ಎಂದು ಯಾರೂ ಹೇಳುವುದಿಲ್ಲ, ಹೇಳಿದರೆ ಕಳ್ಳನೂ ಓದುತ್ತಾನೆ.

ಇಲ್ಲಿ ಹಳ್ಳಿಯವರಿಗೆ ಒಂದು ಅನ್ಯಾಯ ಆಗುವ ಸಂಭವವಿದೆ. ಬೆಂಗಳೂರಿನ ಮಗ ತನ್ನ ಕಾರ್ಡಿನಲ್ಲಿ ಕುಬಟೂರಿನ ಅಮ್ಮನಿಗೆ ಮಿಕ್ಸಿ ಕಳಿಸುತ್ತಾನೆ. ಹೆಸರು ಬೇರೆ, ಊರು ಬೇರೆ, ಫೋನ್ ನಂಬರೂ ಬೇರೆ. ಅಥವಾ ಅಮ್ಮನೇ ಮಗನ ಕಾರ್ಡ್ ಬಳಸಿ ಕುಬಟೂರಿನಿಂದ ಆರ್ಡರ್ ಮಾಡುತ್ತಾರೆ. ಮೊಬೈಲ್ ಇಂಟರ್ನೆಟ್ ಸಂಪರ್ಕ ಎಷ್ಟೋ ಸಲ ದೂರದ ಯಾವುದೋ ದೊಡ್ಡ ನಗರದ ಮೂಲಕ ಹಾದುಬರುವುದರಿಂದ ಅದು ಅಂಗಡಿಯವರ ಕಣ್ಣಿಗೆ ಮುಂಬೈ ಎಂದೋ ಚೆನ್ನೈ ಎಂದೋ ಕಾಣಬಹುದು. ಪರದೇಶದಲ್ಲಿ ಕುಳಿತು ಬರೆದ ನಿಯಮಕ್ಕೆ ಇದೆಲ್ಲ ಮೋಸದ ಲಕ್ಷಣ, ನಮಗೆ ದೀಪಾವಳಿಯ ವಾರದ ಮಾಮೂಲಿ ವ್ಯವಹಾರ. ಒಳ್ಳೆಯ ಗಿರಾಕಿಯನ್ನು ಕಳ್ಳನೆಂದು ತಿರುಗಿಸಿ ಕಳಿಸುವುದರಿಂದಲೂ ಅಂಗಡಿಗೆ ನಷ್ಟವೇ. ಬೇಸರಗೊಂಡ ಗಿರಾಕಿ ದೂರು ಕೊಡದೆ ಬೇರೆ ಅಂಗಡಿಗೆ ಹೋಗುವುದರಿಂದ ಆ ನಷ್ಟ ಲೆಕ್ಕಪುಸ್ತಕದಲ್ಲಿ ಕಾಣುವುದಿಲ್ಲ, ಅಷ್ಟೆ.

ಓಟಿಪಿ ಬಂದ ಮೇಲೆ

ಇಷ್ಟೆಲ್ಲ ಸರ್ಕಸ್ ಮಾಡುವ ಬದಲು ಬ್ಯಾಂಕನ್ನೇ "ಇವರು ನಿಮ್ಮ ಗಿರಾಕಿಯೇ?" ಎಂದು ಕೇಳಿಬಿಟ್ಟರೆ? ವೀಸಾ ಸಂಸ್ಥೆ 2001ರ ಸುಮಾರಿಗೆ ತಂದ ತ್ರೀಡಿ ಸೆಕ್ಯೂರ್ ಎಂಬ ವ್ಯವಸ್ಥೆ ಇದನ್ನೇ ಮಾಡುತ್ತದೆ. ಕಾರ್ಡ್ ವಿವರ ಕೊಟ್ಟ ಮೇಲೆ ಪುಟ ಬದಲಾಗಿ ಬ್ಯಾಂಕಿನ ಹೆಸರು ಕಾಣಿಸುತ್ತದಲ್ಲ, ಅದೇ. ಅಲ್ಲಿ ನೀವು ಹಾಕುವ ಓಟಿಪಿ ಅಂಗಡಿಯವರಿಗೆ ಕಾಣುವುದಿಲ್ಲ. ಅವರಿಗೆ ಬ್ಯಾಂಕಿನಿಂದ ಸಿಗುವುದು "ಹೌದು, ನಮ್ಮ ಗಿರಾಕಿಯೇ" ಎಂಬ ಉತ್ತರ ಮಾತ್ರ.

ಈ ಉತ್ತರ ಸಿಕ್ಕ ಕ್ಷಣದಲ್ಲಿ ಹೊಣೆ ಸ್ಥಾನ ಬದಲಿಸುತ್ತದೆ. ಮುಂದೆ "ಇದನ್ನು ನಾನು ಕೊಂಡಿಲ್ಲ" ಎಂಬ ದೂರು ಬಂದರೆ ಸಾಮಾನ್ಯವಾಗಿ ಅಂಗಡಿಯವರು ಪಾರು, ಜವಾಬ್ದಾರಿ "ಹೌದು" ಎಂದ ಬ್ಯಾಂಕಿನದು. ಬ್ಯಾಂಕು ಆಗ ಕೇಳುವ ಪ್ರಶ್ನೆ ಒಂದೇ: ಓಟಿಪಿ ನಿಮ್ಮ ಫೋನಿಗೆ ಬಂದಿತ್ತು, ಹಾಕಿದವರು ಯಾರು? ನೀವೇ ಫೋನಿನಲ್ಲಿ ಯಾರಿಗೋ ಓದಿ ಹೇಳಿದ್ದರೆ ಹೊಣೆ ಇನ್ನೂ ಒಂದು ಹೆಜ್ಜೆ ಸರಿದು ನಿಮ್ಮ ಮೇಲೆ ಬರುತ್ತದೆ. ಓಟಿಪಿಯನ್ನು ಸಹಿ ಎಂದು ಕರೆದದ್ದು ಇದಕ್ಕೆ. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡದ ನಮ್ಮ ಅಜ್ಜಂದಿರ ಎಚ್ಚರ ಆರು ಅಂಕಿಯ ವಿಷಯದಲ್ಲಿ ನಮಗೆ ಇನ್ನೂ ಬಂದಿಲ್ಲ.

ಭಾರತದಲ್ಲಿ ಇದು ಅಂಗಡಿಯವರ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. 2009ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಆದೇಶ ಹೊರಡಿಸಿ, ಆ ವರ್ಷದ ಆಗಸ್ಟ್ 1ರಿಂದ ಆನ್‌ಲೈನ್ ಕಾರ್ಡ್ ಪಾವತಿಗೆ ಕಾರ್ಡಿನ ಮೇಲೆ ಕಾಣದ ಇನ್ನೊಂದು ಗುರುತು ಕಡ್ಡಾಯ ಎಂದಿತು. ಆಗ ವ್ಯಾಪಾರಿಗಳು ಗೊಣಗಿದರು. ಪುಟ ತೆರೆಯುವುದಿಲ್ಲ, ಪಾಸ್‌ವರ್ಡ್ ಮರೆತುಹೋಗುತ್ತದೆ, ಗಿರಾಕಿ ಅರ್ಧದಲ್ಲೇ ಎದ್ದು ಹೋಗುತ್ತಾನೆ. ಗೊಣಗಿದ್ದರಲ್ಲಿ ಅರ್ಥವೂ ಇತ್ತು. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕದಂಗಡಿಯಾಗಿ ಶುರುವಾದ ಫ್ಲಿಪ್‌ಕಾರ್ಟ್ 2010ರಲ್ಲಿ "ವಸ್ತು ಕೈಗೆ ಬಂದ ಮೇಲೆ ಹಣ ಕೊಡಿ" ಎಂಬ ಪದ್ಧತಿ ತಂದಿತು, ಜನ ಅದಕ್ಕೇ ಮುಗಿಬಿದ್ದರು. ನಗದಿಗೆ ಚಾರ್ಜ್‌ಬ್ಯಾಕ್ ಇಲ್ಲ! (ಬಾಗಿಲಿಗೆ ಬಂದ ಪಾರ್ಸೆಲನ್ನು ಬೇಡ ಎನ್ನುವ ಗಿರಾಕಿಗಳು ಇದ್ದಾರೆ, ಅದು ಬೇರೆ ಕತೆ.) ಓಟಿಪಿಯನ್ನು ಸುತ್ತಿಹಾಕುವ ಪ್ರಯತ್ನವೂ ನಡೆಯಿತು. ಉಬರ್‌ನಂಥ ಕಂಪನಿಗಳು ಇಲ್ಲಿನ ಸೇವೆಗೆ ಇಲ್ಲಿನ ಕಾರ್ಡಿನಿಂದ ಹೊರದೇಶದ ಗೇಟ್‌ವೇ ಮೂಲಕ ಓಟಿಪಿ ಇಲ್ಲದೆ ಹಣ ಪಡೆಯುತ್ತಿದ್ದವು. 2014ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಅದಕ್ಕೂ ತಡೆ ಹಾಕಿತು.

ಅಮೆರಿಕದಲ್ಲಿರುವ ನಮ್ಮವರ ಮನೆಗೆ ಹೋದವರಿಗೆ ಓಟಿಪಿಯೇ ಇಲ್ಲದೆ ಖರೀದಿ ಮುಗಿಯುವುದು ನೋಡಿ ಗಾಬರಿಯಾಗುತ್ತದೆ. ಅಲ್ಲಿ ಅದು ಕಡ್ಡಾಯವಲ್ಲ. ಕದ್ದ ಕ್ರೆಡಿಟ್ ಕಾರ್ಡಿನ ವಿಷಯದಲ್ಲಿ ಮಾಲೀಕರ ಹೊಣೆ ಕಾನೂನಿನ ಪ್ರಕಾರ ಹೆಚ್ಚೆಂದರೆ 50 ಡಾಲರ್. ಉಳಿದ ನಷ್ಟವನ್ನು ಬ್ಯಾಂಕೋ ಅಂಗಡಿಯವರೋ ಹೊರಬೇಕಾದ್ದರಿಂದ, ಅನುಮಾನದ ಲೆಕ್ಕ ಹಾಕುವ ತಂತ್ರಾಂಶ ಅಲ್ಲಿ ಅಷ್ಟು ಬೆಳೆಯಿತು. ಕುಬಟೂರಿನ ಯುವಕನ ಉದಾಹರಣೆಯಲ್ಲಿ ಏಟು ಬಿದ್ದದ್ದೂ ಇಲ್ಲಿಯೇ. ಕಾರ್ಡ್ ಭಾರತದ್ದಾಗಿದ್ದರೆ ಓಟಿಪಿ ಕೇಳದೆ ಪಾವತಿ ಮುಗಿಯುತ್ತಲೇ ಇರಲಿಲ್ಲ. ವಿದೇಶಿ ಕಾರ್ಡ್ ಸ್ವೀಕರಿಸುವ ಸಣ್ಣ ವ್ಯಾಪಾರಿಗಳು ತಮ್ಮ ಗೇಟ್‌ವೇಯವರನ್ನು ಕೇಳಿ, ತ್ರೀಡಿ ಸೆಕ್ಯೂರ್ ಪರೀಕ್ಷೆ ಮುಗಿಯದ ವಿದೇಶಿ ಪಾವತಿಯನ್ನು ನಿರಾಕರಿಸುವ ಏರ್ಪಾಡು ಇದ್ದರೆ ಮಾಡಿಕೊಳ್ಳಬಹುದು. ಕೆಲವು ಗಿರಾಕಿಗಳು ಕೈತಪ್ಪುತ್ತಾರೆ. ಒಂದು ಮೋಸ ಏಳು ಮಾರಾಟದ ಲಾಭ ತಿನ್ನುವ ವ್ಯಾಪಾರದಲ್ಲಿ ಅದು ಒಪ್ಪಬಹುದಾದ ಬೆಲೆ ಎಂದು ನನ್ನ ಅಭಿಪ್ರಾಯ.

ಕಾರ್ಡ್ ವಿವರ ಉಳಿಸಿಡುವುದು ಅಪಾಯವೇ?

ಹಿಂದೆ ಅಪಾಯವಿತ್ತು. ಬೆಂಗಳೂರಿನ ಜಸ್‌ಪೇ ಎಂಬ ಪಾವತಿ ಕಂಪನಿಯ ಕಂಪ್ಯೂಟರುಗಳಿಗೆ 2020ರ ಆಗಸ್ಟ್‌ನಲ್ಲಿ ಯಾರೋ ನುಗ್ಗಿದ ಸಂಗತಿ 2021ರ ಜನವರಿಯಲ್ಲಿ ಹೊರಬಂತು. ಪೂರ್ತಿ ಕಾರ್ಡ್ ನಂಬರುಗಳು ಸೋರಿಲ್ಲ, ನಡುವಿನ ಅಂಕಿಗಳನ್ನು ಮರೆಮಾಡಿದ ವಿವರಗಳು ಮಾತ್ರ ಹೋಗಿವೆ ಎಂದು ಕಂಪನಿ ಹೇಳಿತು. ಅಂಗಡಿಗಳು ಕಾರ್ಡ್ ನಂಬರನ್ನು ತಮ್ಮ ಬಳಿ ಇಟ್ಟುಕೊಳ್ಳುವುದೇ ಬೇಡ ಎಂಬ ನಿಯಮವನ್ನು ರಿಸರ್ವ್ ಬ್ಯಾಂಕ್ ಮೊದಲೇ ಯೋಚಿಸಿತ್ತು, ಅದು ಹಲವು ಸಲ ಮುಂದಕ್ಕೆ ಹೋಗಿ 2022ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಈಗ ನೀವು "ಕಾರ್ಡ್ ಉಳಿಸಿ" ಎಂದು ಒಪ್ಪಿದರೆ ಅಂಗಡಿಗೆ ಸಿಗುವುದು ನಿಮ್ಮ ನಂಬರಲ್ಲ, ಅದರ ಬದಲಿಗೆ ಹೊಸೆದ ಟೋಕನ್ ಎಂಬ ಬೇರೊಂದು ನಂಬರ್. ಅದು ಆ ಕಾರ್ಡಿಗೆ, ಆ ಅಂಗಡಿಗೆ ಮಾತ್ರ ಕಟ್ಟಿಹಾಕಿದ್ದು. ಕದ್ದು ಬೇರೆ ಅಂಗಡಿಯಲ್ಲಿ ಬಳಸಿದರೆ ನಡೆಯುವುದಿಲ್ಲ. ವಿಚಿತ್ರವೆಂದರೆ, ಪ್ರತಿ ಸಲ ಹದಿನಾರು ಅಂಕಿ ಟೈಪ್ ಮಾಡುವುದಕ್ಕಿಂತ ನಂಬಿಕಸ್ಥ ಅಂಗಡಿಯಲ್ಲಿ ಟೋಕನ್ ಇಡುವುದೇ ಈಗ ಕಡಿಮೆ ಅಪಾಯದ್ದು. ಈ ನಿಯಮ ದೇಶದೊಳಗಿನ ವ್ಯವಹಾರಕ್ಕೆ ಮಾತ್ರ ಎನ್ನುವುದು ನೆನಪಿರಲಿ.

ಕಾರ್ಡನ್ನು ಮುಟ್ಟದೆಯೂ ಅಂಗಡಿಯವರಿಗೆ ಮೋಸ ಮಾಡಬಹುದು ಎನ್ನುವುದಕ್ಕೆ ಬೆಂಗಳೂರಿನ ಇನ್ನೊಂದು ಪ್ರಕರಣವಿದೆ. 2022ರಲ್ಲಿ ರೇಜರ್‌ಪೇ ಕಂಪನಿ ಸೈಬರ್ ಪೊಲೀಸರಿಗೆ ಕೊಟ್ಟ ದೂರಿನ ಪ್ರಕಾರ, ವಿಫಲವಾಗಿದ್ದ 831 ಪಾವತಿಗಳನ್ನು "ಸಫಲ" ಎಂದು ತೋರುವಂತೆ ಮಾಡಿ 7.3 ಕೋಟಿಗೂ ಹೆಚ್ಚು ರೂಪಾಯಿ ಲಪಟಾಯಿಸಲಾಗಿತ್ತು. ತೊಂದರೆ ಇದ್ದದ್ದು ಹಣದಲ್ಲಲ್ಲ, "ಹಣ ಬಂದಿದೆ" ಎಂದು ಹೇಳುವ ಸಂದೇಶದಲ್ಲಿ. ಸಂತೆಯಲ್ಲಿ ನಕಲಿ ಪಾವತಿಯ ಸ್ಕ್ರೀನ್‌ಶಾಟ್ ತೋರಿಸಿ ತರಕಾರಿ ಒಯ್ಯುವವರ ತಂತ್ರವೂ ಮೂಲದಲ್ಲಿ ಇದೇ. ತಾಂತ್ರಿಕ ಮಟ್ಟ ಬೇರೆ, ಅಷ್ಟೆ.

ನಿಮ್ಮ ಕಾರ್ಡಿನಲ್ಲಿ ಆದರೆ

ಈಗ ಕಾರ್ಡಿನ ಮಾಲೀಕರ ಕಡೆಗೆ ಬರೋಣ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಗಿರಾಕಿಯ ಹೊಣೆಯನ್ನು ದಿನಗಳ ಲೆಕ್ಕದಲ್ಲಿ ಹೇಳಿದೆ. ತಪ್ಪು ಬ್ಯಾಂಕಿನದೂ ಅಲ್ಲ, ನಿಮ್ಮದೂ ಅಲ್ಲ, ವಿವರ ಬೇರೆಲ್ಲೋ ಸೋರಿದೆ ಎಂದಿಟ್ಟುಕೊಳ್ಳಿ. ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನವಾದರೆ 5 ಲಕ್ಷದವರೆಗೆ ಮಿತಿಯಿರುವ ಕ್ರೆಡಿಟ್ ಕಾರ್ಡಿಗೆ ಗರಿಷ್ಠ 10,000 ರೂಪಾಯಿ, ಅದಕ್ಕೂ ಹೆಚ್ಚಿನ ಮಿತಿಯದಕ್ಕೆ 25,000. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ನೀತಿಯಂತೆ. ದೂರು ಕೊಟ್ಟ 10 ಕೆಲಸದ ದಿನಗಳೊಳಗೆ ಆ ಮೊತ್ತವನ್ನು ಬ್ಯಾಂಕು ತಾತ್ಕಾಲಿಕವಾಗಿ ಜಮಾ ಮಾಡಬೇಕು, 90 ದಿನಗಳೊಳಗೆ ತೀರ್ಮಾನಿಸಬೇಕು. ತಪ್ಪು ಗಿರಾಕಿಯದೇ ಎಂದು ಸಾಬೀತು ಮಾಡುವ ಭಾರ ಬ್ಯಾಂಕಿನದು. ಈ ಕೊನೆಯ ಮಾತು ಬ್ಯಾಂಕಿನ ಕೌಂಟರಿನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ.

ಓಟಿಪಿಯನ್ನು ನೀವೇ ಹೇಳಿಬಿಟ್ಟಿದ್ದರೂ ಸುಮ್ಮನೆ ಕೂರಬೇಡಿ. ಆಗ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲೆ ಆಗುವುದು ಬ್ಯಾಂಕಿನದು. ನಾಚಿಕೆಯಿಂದ ಮನೆಯವರಿಗೂ ಹೇಳದೆ ಒಂದು ರಾತ್ರಿ ಕಳೆದರೆ ಆ ರಾತ್ರಿಯ ಖರೀದಿಗಳೆಲ್ಲ ನಿಮ್ಮ ಲೆಕ್ಕಕ್ಕೆ. ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿ ಕಾರ್ಡ್ ನಿಲ್ಲಿಸಿ, ದೂರಿನ ಸಂಖ್ಯೆ ಮತ್ತು ಸಮಯ ಬರೆದಿಟ್ಟುಕೊಳ್ಳಿ, ನಂತರ 1930ಕ್ಕೆ ಕರೆ ಮಾಡಿ. ದೇಶಕ್ಕೆಲ್ಲ ಒಂದೇ ಆಗಿರುವ ಈ ಸೈಬರ್ ಅಪರಾಧ ಸಹಾಯವಾಣಿಗೆ ದೂರು ಕೊಡಲು ಸೊರಬಕ್ಕೋ ಶಿವಮೊಗ್ಗಕ್ಕೋ ಬಸ್ ಹತ್ತಬೇಕಿಲ್ಲ.

ಇನ್ನೊಂದು ಸಣ್ಣ ಕೆಲಸ ಈಗಲೇ ಮಾಡಬಹುದು. 2020ರಲ್ಲಿ ಬಂದ ನಿಯಮದ ಪ್ರಕಾರ ಆನ್‌ಲೈನ್ ಮತ್ತು ವಿದೇಶಿ ಬಳಕೆಯನ್ನು ಬ್ಯಾಂಕಿನ ಆ್ಯಪ್‌ನಲ್ಲಿ ನೀವೇ ತೆರೆಯಬಹುದು, ಮುಚ್ಚಬಹುದು. ಹೊರದೇಶದ ಜಾಲತಾಣದಲ್ಲಿ ಭಾರತದ ಕಾರ್ಡಿಗೂ ಓಟಿಪಿ ಕೇಳದೆ ಹಣ ಕಡಿತವಾಗುವ ದಾರಿ ಇದ್ದದ್ದು ಈ ವಿದೇಶಿ ಬಳಕೆಯ ಕಡೆಯಲ್ಲೇ. 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ರಿಸರ್ವ್ ಬ್ಯಾಂಕ್ ಈ ಕಂಡಿಯನ್ನೂ ನೋಡಿದೆ. ಹೊರದೇಶದ ಅಂಗಡಿ ಎರಡನೇ ಗುರುತು ಕೇಳಿದಾಗ ಅದನ್ನು ಪರೀಕ್ಷಿಸಿ ಉತ್ತರಿಸುವ ವ್ಯವಸ್ಥೆಯನ್ನು 2026ರ ಅಕ್ಟೋಬರ್ 1ರೊಳಗೆ ನಮ್ಮ ಬ್ಯಾಂಕುಗಳು ಮಾಡಿಕೊಂಡಿರಬೇಕು. ಆದರೆ ಕೇಳಬೇಕಾದ್ದು ಅಲ್ಲಿನ ಅಂಗಡಿ. ಅದು ಕೇಳದಿದ್ದರೆ ಏನು ಎಂಬ ಪ್ರಶ್ನೆ ಉಳಿಯುವುದರಿಂದ, ವಿದೇಶದಿಂದ ಏನೂ ತರಿಸದವರು ಆ ಗುಂಡಿಯನ್ನು ಮುಚ್ಚಿಯೇ ಇಡಬಹುದು.